ಹಳೆ ಕಾರು ಕೊಳ್ಳುವ ಮುಂಚೆ ನಾನು ಓದುವ ದೂರುಗಳು

2015ರಲ್ಲಿ ನಾರ್ತ್ ಕ್ಯಾರೊಲಿನಾಕ್ಕೆ ಬಂದ ಮೂರನೇ ತಿಂಗಳಲ್ಲಿ ನಾನು ಮೊದಲ ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್ ಸೆಡಾನ್. ಮಾರಿದವರು ಒಂದು ಪ್ರಿಂಟ್‌ಔಟ್ ತೋರಿಸಿದರು. ಬಾಕಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕಾರನ್ನು ವಾಪಸ್ ಕರೆಸಿದ್ದು, ಸೊನ್ನೆ ಅಂತ ಅದರಲ್ಲಿತ್ತು. ಆ ಸೊನ್ನೆ ನೋಡಿ ನನಗೆ ಪೂರ್ತಿ ಧೈರ್ಯ ಬಂತು. ಹನ್ನೊಂದು ತಿಂಗಳು ಕಳೆಯಿತು. 81,000 ಮೈಲಿಯ ಹತ್ತಿರ, ಹೆದ್ದಾರಿಯಲ್ಲಿ ಹೋಗುತ್ತಿರುವಾಗಲೇ ಗೇರ್‌ಬಾಕ್ಸ್ ಕೈಕೊಟ್ಟಿತು. ಪಕ್ಕದಲ್ಲಿ ಏಳು ತಿಂಗಳ ಬಸುರಿ ಹೆಂಡತಿ. ಟೋ ಗಾಡಿ ಬರುವವರೆಗೆ ಇಬ್ಬರೂ ರಸ್ತೆ ಪಕ್ಕದ ಹುಲ್ಲಿನ ಮೇಲೆ ನಿಂತಿದ್ದೆವು. ರಿಪೇರಿಗೆ 3,900 ಡಾಲರ್ ಹೋಯಿತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ನನ್ನ ಕಾರಿನ ಮಾಡೆಲ್ ಮತ್ತು ವರ್ಷ ಹಾಕಿ ನೋಡಿದೆ. ಕಾರಿನ ಮಾಲೀಕರು ಬರೆದ ದೂರುಗಳು ಒಂದರ ಕೆಳಗೆ ಒಂದು ಇದ್ದವು. 74,000 ಮೈಲಿ, ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜರ್ಕ್. 79,000 ಮೈಲಿ, ಅದೇ ಜರ್ಕ್. 83,000 ಮೈಲಿ, ಹೆದ್ದಾರಿಯಲ್ಲಿ ಗಾಡಿ ನಿಂತಿತು. ನನಗೆ ಆಗಿದ್ದೆಲ್ಲ ನಾನು ಕೊಳ್ಳುವ ಮುಂಚೆಯೇ ಅಲ್ಲಿ ಬರೆದಿತ್ತು. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಿತ್ತು. ನಾನು ಓದಿರಲಿಲ್ಲ ಅಷ್ಟೆ.

ಆಮೇಲೆ ನಮ್ಮ ಕುಟುಂಬಕ್ಕೆ, ಸ್ನೇಹಿತರಿಗೆ, ಎಂ.ಎಸ್. ಮಾಡಲು ಬಂದ ಹುಡುಗರಿಗೆ ಅಂತ ಇಪ್ಪತ್ತಕ್ಕೂ ಜಾಸ್ತಿ ಕಾರುಗಳನ್ನು ನೋಡಿಕೊಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಎಂಜಿನ್ ಸದ್ದು ಕೇಳಿ ರೋಗ ಹೇಳಲು ನನಗೆ ಬರುವುದಿಲ್ಲ. ನನಗೆ ಬರುವುದು ಓದುವುದು ಮಾತ್ರ.

ಮೊದಲು ಆ ಸೊನ್ನೆಯ ವಿಷಯ. ರೀಕಾಲ್ ಆಗುವುದು ಕಾರಿನಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಇದ್ದಾಗ, ಇಲ್ಲವೇ ಸರ್ಕಾರದ ಸುರಕ್ಷತಾ ನಿಯಮಕ್ಕೆ ಅದು ಹೊಂದದಿದ್ದಾಗ. ಗೇರ್‌ಬಾಕ್ಸ್ ಬೇಗ ಸವೆಯುವುದು, ಎಂಜಿನ್ ಎಣ್ಣೆ ಕುಡಿಯುವುದು, ಎಸಿ ಕೆಡುವುದು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜೇಬಿಗೆ ಕತ್ತರಿ ಹಾಕುವ ತೊಂದರೆಗಳೆಲ್ಲ ಬಹುಪಾಲು ರೀಕಾಲ್ ಪಟ್ಟಿಯ ಹೊರಗೇ ಇರುತ್ತವೆ.

ಇದಕ್ಕೆ ಫೋರ್ಡ್ ಫೋಕಸ್ ಒಳ್ಳೆಯ ಉದಾಹರಣೆ. 2012ರಿಂದ 2016ರ ಮಾಡೆಲ್‌ಗಳ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಬಗ್ಗೆ ರಾಶಿ ರಾಶಿ ದೂರು ಬಂದವು. ನಿಧಾನಕ್ಕೆ ಹೋಗುವಾಗ ಗಾಡಿ ನಡುಗುತ್ತದೆ, ಸಿಗ್ನಲ್‌ನಲ್ಲಿ ಮುಂದೆ ಹೋಗಲು ತಡವರಿಸುತ್ತದೆ ಎಂದು ಜನ ಬರೆದರು. ಕಂಪನಿ ವಾರಂಟಿ ವಿಸ್ತರಿಸಿತು. ಕೋರ್ಟಿನಲ್ಲಿ ಸಾಮೂಹಿಕ ಮೊಕದ್ದಮೆ ನಡೆದು ರಾಜಿಯಾಯಿತು. ಇಷ್ಟಾದರೂ ಆ ಗೇರ್‌ಬಾಕ್ಸಿನ ಕ್ಲಚ್ ನಡುಕಕ್ಕೆ ಅಮೆರಿಕದಲ್ಲಿ ಸುರಕ್ಷತಾ ರೀಕಾಲ್ ಆಗಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2001ರಿಂದ 2003ರ ಕೆಲವು ಹೋಂಡಾ ಕಾರುಗಳು ಬಾಳಿಕೆಗೆ ಹೆಸರಾದವು. ಆದರೆ ಅವುಗಳಲ್ಲಿದ್ದ ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳಲ್ಲಿ (ಏರ್‌ಬ್ಯಾಗಿಗೆ ಅನಿಲ ತುಂಬುವ ಭಾಗ) ಕೆಲವು, ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಸಿಡಿಯುವ ಸಂಭವ ಶೇ. 50ರವರೆಗೂ ಇದೆ ಎಂದು 2016ರಲ್ಲಿ ಎನ್‌ಎಚ್‌ಟಿಎಸ್‌ಎ ಎಚ್ಚರಿಸಿತು. ಒಳಗಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹಾಳಾಗುತ್ತಿತ್ತು. ಸಿಡಿದಾಗ ಲೋಹದ ಚೂರುಗಳು ಡ್ರೈವರ್ ಮೇಲೆ ಹಾರುತ್ತಿದ್ದವು. ಅಮೆರಿಕದಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್ ಆದವು. ಇಲ್ಲಿ ಎಂಜಿನ್ ಗಟ್ಟಿ, ಆದರೆ ಕಾರು ಜೀವಕ್ಕೆ ಅಪಾಯ. ಹಾಗಾಗಿ ರೀಕಾಲನ್ನು ಜೀವದ ಲೆಕ್ಕಕ್ಕೆ, ದೂರನ್ನು ಬಾಳಿಕೆಯ ಲೆಕ್ಕಕ್ಕೆ ಅಂತ ನಾನು ಬೇರೆ ಬೇರೆಯಾಗಿಯೇ ಓದುತ್ತೇನೆ.

ಕಾರು ನೋಡಲು ಹೋಗುವ ಮುಂಚೆಯೇ ವಿನ್ ನಂಬರ್, ಅಂದರೆ ಆ ಕಾರಿನ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ, ಕೇಳುತ್ತೇನೆ. ಕೊಡಲು ಹಿಂದೆಮುಂದೆ ನೋಡಿದರೆ ಆ ಕಾರು ಬಿಟ್ಟಂತೆ. ಅದರ ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ. ಈಚಿನ ಕಾರಿನಲ್ಲಿ ಜೆ ಇದ್ದರೆ 2018, ಕೆ ಇದ್ದರೆ 2019. ಸ್ಥಳಕ್ಕೆ ಹೋದಾಗ ಮುಂದಿನ ಗಾಜಿನ ಕೆಳಗೆ ಡ್ರೈವರ್ ಕಡೆ ಇರುವ ನಂಬರನ್ನೂ, ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿನ ನಂಬರನ್ನೂ ಹೋಲಿಸಿ ನೋಡುತ್ತೇನೆ.

ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ವಿನ್ ಹಾಕಿದರೆ ಇನ್ನೂ ಸರಿಪಡಿಸದ ರೀಕಾಲ್‌ಗಳು ಬರುತ್ತವೆ. ಸರಿಪಡಿಸಿ ಮುಗಿದವು ಬರುವುದಿಲ್ಲ. 15 ವರ್ಷಕ್ಕಿಂತ ಹಳೆಯ ರೀಕಾಲ್‌ಗಳೂ ಸಾಮಾನ್ಯವಾಗಿ ಕಾಣುವುದಿಲ್ಲ. ಮೊನ್ನೆ ಮೊನ್ನೆ ಘೋಷಿಸಿದ ರೀಕಾಲ್‌ಗೆ ಕಂಪನಿ ಇನ್ನೂ ಎಲ್ಲ ವಿನ್‌ಗಳನ್ನೂ ಸೇರಿಸಿರದೆ ಇರಬಹುದು. ಇನ್ನೊಂದು ಮಾತು ಇಲ್ಲಿಗೆ ಹೊಸದಾಗಿ ಬಂದವರಿಗೆ ಗೊತ್ತಿರಲೇಬೇಕು. ಬಾಕಿ ರೀಕಾಲ್ ಇರುವ ಹೊಸ ಕಾರನ್ನು ಡೀಲರ್ ಮಾರುವ ಹಾಗಿಲ್ಲ. ದೊಡ್ಡ ಬಾಡಿಗೆ ಕಾರು ಕಂಪನಿಗಳು ಅಂಥ ಕಾರನ್ನು ಬಾಡಿಗೆಗೆ ಕೊಡುವ ಹಾಗಿಲ್ಲ. ಹಳೆ ಕಾರು ಮಾರುವ ಡೀಲರ್‌ಗೆ ಮಾತ್ರ ಕೇಂದ್ರದ ಅಂಥ ಕಾನೂನು ಇಲ್ಲ. ನೋಡುವ ಕೆಲಸ ಪೂರ್ತಿ ನಮ್ಮದೇ.

ಅಲ್ಲಿಂದ ಮಾಡೆಲ್ ಪುಟಕ್ಕೆ ಹೋಗುತ್ತೇನೆ. ನನ್ನ ಸಮಯವೆಲ್ಲ ಹೋಗುವುದು ಇಲ್ಲಿ. ದೂರುಗಳ ಒಟ್ಟು ಸಂಖ್ಯೆಯನ್ನು ನಾನು ಹೆಚ್ಚು ನಂಬುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕ್ಯಾಮ್ರಿ 3.4 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅದಕ್ಕೆ ಬಂದ 300 ದೂರು, ವರ್ಷಕ್ಕೆ 30,000 ಮಾರಾಟವಾಗುವ ಕಾರಿಗೆ ಬಂದ 300 ದೂರು ಒಂದೇ ಅಲ್ಲ ಅಲ್ವಾ? ಹಳೆಯ ಮಾಡೆಲ್‌ಗೆ ದೂರು ಬರೆಯಲು ಜನರಿಗೆ ಹತ್ತು ವರ್ಷ ಸಿಕ್ಕಿರುತ್ತದೆ, ಹೊಸದಕ್ಕೆ ಎರಡೇ ವರ್ಷ. ಪತ್ರಿಕೆಯಲ್ಲಿ ಸುದ್ದಿ ಬಂದ ವಾರ ದೂರುಗಳು ಒಮ್ಮೆಲೇ ಏರುತ್ತವೆ. ರೀಕಾಲ್ ಪತ್ರ ಬಂದಿದೆ, ಬಿಡಿಭಾಗ ಇನ್ನೂ ಬಂದಿಲ್ಲ ಎಂದು ಬರೆಯುವವರೂ ಬಹಳ. ಅದು ಡೀಲರ್ ಮೇಲಿನ ಸಿಟ್ಟು. ಕಾರು ಕೆಟ್ಟಿದ್ದಕ್ಕೆ ಅದು ಲೆಕ್ಕವಲ್ಲ.

ಹಾಗಾಗಿ ನಾನು ಒಂದೊಂದೇ ದೂರು ಓದಿ ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ತುಂಬುತ್ತೇನೆ. ಯಾವ ಭಾಗ, ಎಷ್ಟು ಮೈಲಿಗೆ, ಏನಾಯಿತು, ಡೀಲರ್ ಏನೆಂದ. ಅರವತ್ತು ಎಪ್ಪತ್ತು ದೂರು ಸಾಕು, ಒಂದು ಸಂಜೆಯ ಕೆಲಸ. ಮೊದಲ ಇಪ್ಪತ್ತರಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಅದೇ ಮಾತು ಮತ್ತೆ ಮತ್ತೆ ಬರತೊಡಗುತ್ತದೆ. ಬೇರೆ ಬೇರೆ ರಾಜ್ಯದ, ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಒಂದೇ ತೊಂದರೆಯನ್ನು ಒಂದೇ ಥರದ ಮಾತಿನಲ್ಲಿ ಹೇಳಿದರೆ ನಾನು ನಂಬುತ್ತೇನೆ. ಮೈಲಿಯ ಕಾಲಂ ಬಹಳ ಮುಖ್ಯ. ದೂರುಗಳೆಲ್ಲ 60,000ದಿಂದ 90,000 ಮೈಲಿಯ ನಡುವೆ ಗುಂಪಾಗಿದ್ದು, ನಾವು ನೋಡುತ್ತಿರುವ ಕಾರು 72,000 ಓಡಿದ್ದರೆ ಅದು ಆಪತ್ತಿನ ಬಾಗಿಲಲ್ಲೇ ನಿಂತಿದೆ. ಆ ಭಾಗ ಬದಲಾಗಿದೆ ಎಂಬ ಬಿಲ್ ಕೈಗೆ ಬಂದರೆ ಮಾತ್ರ ಮುಂದಿನ ಮಾತು.

ಅದೇ ಮಾಡೆಲ್‌ನ ಹಿಂದಿನ ಮುಂದಿನ ವರ್ಷಗಳನ್ನೂ ತೆರೆದು ನೋಡುತ್ತೇನೆ. ವಿನ್ಯಾಸ ಬದಲಾದ ಮೊದಲ ವರ್ಷದಲ್ಲಿ ದೂರು ಜಾಸ್ತಿ ಇದ್ದು, ಮೂರನೇ ವರ್ಷಕ್ಕೆ ಇಳಿದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದು ವರ್ಷ ಹೊಸದಾದ ಕಾರಿಗೆ ಸಾವಿರ ಡಾಲರ್ ಜಾಸ್ತಿ ಕೊಡಿ ಎಂದು ಹೇಳಲು ನನಗೆ ಧೈರ್ಯ ಬರುವುದು ಇದರಿಂದಲೇ.

ಗೊತ್ತಿರುವ ತೊಂದರೆಯನ್ನು ಹೇಗೆ ಸರಿಪಡಿಸಬೇಕು ಎಂದು ಕಂಪನಿಗಳು ಡೀಲರ್‌ಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್‌ಗಳೂ ಅಲ್ಲೇ ಸಿಗುತ್ತವೆ. ಜನ ಇದನ್ನು ತೆರೆಯುವುದೇ ಇಲ್ಲ. ಒಂದೇ ತೊಂದರೆಗೆ ಮೂರು ಸಲ ತಿದ್ದಿದ ಬುಲೆಟಿನ್ ಬಂದಿದ್ದರೆ ಮೊದಲೆರಡು ಔಷಧಿ ನಾಟಿಲ್ಲ ಎಂದು ನನ್ನ ಲೆಕ್ಕ.

ಕಳೆದ ಸಲ ಅಕ್ಕನ ಮಗನಿಗೆ ಕಾರು ಹುಡುಕಿದ್ದನ್ನೇ ಹೇಳುತ್ತೇನೆ. ಷಾರ್ಲಟ್‌ನಲ್ಲಿ ಓದಲು ಬಂದಿದ್ದ. 14,000 ಡಾಲರ್ ಮೀರುವ ಹಾಗಿರಲಿಲ್ಲ. ಮೂರು ಕಾರು ಆರಿಸಿಕೊಂಡು ಬಂದ: 2016ರ ನಿಸಾನ್ ಆಲ್ಟಿಮಾ, 2013ರ ಹ್ಯುಂಡೈ ಸೊನಾಟಾ, 2018ರ ಕ್ಯಾಮ್ರಿ. ಅವನ ಮನಸ್ಸು ಆಲ್ಟಿಮಾ ಮೇಲಿತ್ತು. ನೋಡಲು ಚೆಂದ, ಓಡಿದ್ದೂ ಕಡಿಮೆ.

ಆ ತಲೆಮಾರಿನ ಆಲ್ಟಿಮಾದ ರೀಕಾಲ್ ಪಟ್ಟಿಯಲ್ಲಿ ಬಾನೆಟ್‌ನ ಎರಡನೇ ಚಿಲಕ ಮತ್ತೆ ಮತ್ತೆ ಬರುತ್ತದೆ. ಮೊದಲು 2014ರಲ್ಲಿ, ಆಮೇಲೆ ಇನ್ನೂ ಕೆಲವು ಸಲ, 2020ರಲ್ಲಿ ಸುಮಾರು 18 ಲಕ್ಷ ಕಾರುಗಳಿಗೆ. ಚಿಲಕ ತುಕ್ಕು ಹಿಡಿದು ಅಂಟಿಕೊಂಡರೆ ಓಡುವಾಗ ಬಾನೆಟ್ ಎದ್ದು ಗಾಜಿಗೆ ಬಡಿಯಬಹುದು. ಅಪಾಯ ನಿಜ, ಆದರೆ ಡೀಲರ್ ಹತ್ತಿರ ಹೋದರೆ ಪುಕ್ಕಟೆ ಸರಿಹೋಗುತ್ತದೆ. ನನ್ನನ್ನು ತಡೆದಿದ್ದು ಅದಲ್ಲ, ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ದೂರುಗಳು. 2013ರಿಂದ 2016ರ ಆಲ್ಟಿಮಾಗಳಿಗೆ ಈ ಗೇರ್‌ಬಾಕ್ಸಿನ ವಾರಂಟಿಯನ್ನು 84 ತಿಂಗಳು ಅಥವಾ 84,000 ಮೈಲಿಗೆ ವಿಸ್ತರಿಸಲಾಗಿತ್ತು. ತಿಂಗಳು ಎಣಿಸುವುದು ಕಾರು ಮೊದಲ ಸಲ ಮಾರಾಟವಾದ ದಿನದಿಂದ. ಎಣಿಸಿ ನೋಡಿದರೆ ಮುಗಿದಿತ್ತು. ಇನ್ನು ಏನಾದರೂ ಆದರೆ ಹುಡುಗನೇ ಕೊಡಬೇಕು. ಬೇಡ ಎಂದೆ. ಅವನ ಮುಖ ಸಪ್ಪಗಾಯಿತು.

ಸೊನಾಟಾ ಕಥೆ ಬೇರೆ. ಅದರಲ್ಲಿದ್ದ 2.4 ಲೀಟರ್ ಥೀಟಾ ಎರಡನೇ ತಲೆಮಾರಿನ ಎಂಜಿನ್. ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ತಯಾರಿಕೆಯಲ್ಲಿ ಉಳಿದ ಲೋಹದ ಚೂರುಗಳು ಎಣ್ಣೆಯ ಹರಿವು ತಡೆದು ಬೇರಿಂಗ್ ಹಾಳುಮಾಡುತ್ತಿದ್ದವು. 2015ರಲ್ಲಿ 2011–12ರ ಸೊನಾಟಾಗಳು, 2017ರಲ್ಲಿ 2013–14ರವು ರೀಕಾಲ್ ಆದವು. ರೀಕಾಲ್ ತಡ ಮಾಡಿದ್ದಕ್ಕೆ 2020ರಲ್ಲಿ ಹ್ಯುಂಡೈ, ಕಿಯಾ ಎರಡೂ ಸೇರಿ ದಂಡಕ್ಕೂ ಸುರಕ್ಷತಾ ಸುಧಾರಣೆಗೂ ಒಟ್ಟು 13.7 ಕೋಟಿ ಡಾಲರ್ ತೆರಲು ಒಪ್ಪಿದವು. ಇಷ್ಟು ಕೇಳಿದರೆ ಯಾರಾದರೂ ಓಡಿಹೋಗುತ್ತಾರೆ. ನಾನು ಓಡಲಿಲ್ಲ. ಯಾಕೆಂದರೆ ರೀಕಾಲ್‌ನಲ್ಲಿ ಎಂಜಿನ್ ಬದಲಾಗಿದ್ದು ಅದರ ಕಾಗದ ಇದ್ದರೆ, ಹಳೆ ಕಾರಿನಲ್ಲಿ ಹೊಸ ಎಂಜಿನ್ ಸಿಕ್ಕ ಹಾಗೆ. ಎಂಜಿನ್ನಿನ ಕೆಳಭಾಗಕ್ಕೆ ಕಂಪನಿ ಜೀವಾವಧಿ ವಾರಂಟಿಯನ್ನೂ ಕೊಟ್ಟಿದೆ. ಅದಕ್ಕೊಂದು ಷರತ್ತಿದೆ: ನಾಕ್ ಸೆನ್ಸರ್‌ನಿಂದ ಬೇರಿಂಗ್ ಸದ್ದು ಹಿಡಿಯುವ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿರಬೇಕು. ಮಾರುವವರ ಹತ್ತಿರ ಎಂಜಿನ್ ಕಾಗದವೂ ಇರಲಿಲ್ಲ, ಎಣ್ಣೆ ಬದಲಿಸಿದ ಬಿಲ್ಲುಗಳೂ ಇರಲಿಲ್ಲ. ಕಾಗದ ಇದ್ದಿದ್ದರೆ ಅದನ್ನೇ ಕೊಡಿಸುತ್ತಿದ್ದೆ. ಬೆಲೆ ಅಷ್ಟು ಚೆನ್ನಾಗಿತ್ತು.

ಉಳಿದದ್ದು ಕ್ಯಾಮ್ರಿ. 1,04,000 ಮೈಲಿ ಓಡಿತ್ತು. ವಿನ್ ಹಾಕಿದರೆ ಒಂದು ಬಾಕಿ ರೀಕಾಲ್, ಇಂಧನ ಪಂಪ್. ಹುಡುಗ ಗಾಬರಿಯಾದ. ಮೂರರಲ್ಲಿ ಇದಕ್ಕೇ ಕೆಂಪು ಎಚ್ಚರಿಕೆ ಬಂದಿದೆ, ಇದನ್ನೇ ಕೊಳ್ಳಿ ಅನ್ನುತ್ತೀರಲ್ಲ ಮಾವ, ಎಂದ. ಅವನನ್ನು ಕೂರಿಸಿಕೊಂಡು ರೀಕಾಲ್ ಕಾಗದ ಓದಿಸಿದೆ. ಪಂಪಿನೊಳಗೆ ತಿರುಗಿ ಪೆಟ್ರೋಲ್ ತಳ್ಳುವ ಪ್ಲಾಸ್ಟಿಕ್ ಚಕ್ರದ (ಇಂಪೆಲರ್) ಸಾಂದ್ರತೆ ಕಡಿಮೆ. ಅದು ಪೆಟ್ರೋಲ್ ಹೀರಿ ಉಬ್ಬಿ ಪಂಪಿನ ಗೋಡೆಗೆ ತಾಗಬಹುದು, ಆಗ ಓಡುವಾಗಲೇ ಎಂಜಿನ್ ನಿಲ್ಲಬಹುದು. 2020ರ ಜನವರಿಯಲ್ಲಿ ಸುಮಾರು 7 ಲಕ್ಷ ಗಾಡಿಗಳಿಂದ ಶುರುವಾದ ಈ ರೀಕಾಲ್ ವರ್ಷದ ಕೊನೆಗೆ 33 ಲಕ್ಷ ದಾಟಿತು. ಕಾರಣ ಗೊತ್ತಿದೆ, ಬದಲಿ ಪಂಪ್ ಇದೆ, ಡೀಲರ್ ಪುಕ್ಕಟೆ ಹಾಕುತ್ತಾನೆ. ಅದನ್ನು ಬಿಟ್ಟು ದೂರುಗಳನ್ನು ಓದಿದರೆ ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಗುಂಪಾಗಿ ಕೂಡುವಂಥದ್ದು ನನ್ನ ಪಟ್ಟಿಯಲ್ಲಿ ಬರಲಿಲ್ಲ.

ಆದರೆ ಆ ಬಾಕಿ ರೀಕಾಲ್ ಇನ್ನೊಂದು ಪ್ರಶ್ನೆ ಎಬ್ಬಿಸಿತು. ಪುಕ್ಕಟೆ ರಿಪೇರಿಗೂ ಹೋಗದ ಮಾಲೀಕ ಎಣ್ಣೆಯನ್ನಾದರೂ ಬದಲಿಸಿದ್ದಾನಾ? ಸರ್ವಿಸ್ ದಾಖಲೆ ಕೇಳಿ ತರಿಸಿದೆ. ಕಾರು ಎರಡು ಸಲ ಕೈ ಬದಲಾಗಿತ್ತು. ರೀಕಾಲ್ ಪತ್ರ ಹಳೆ ವಿಳಾಸಕ್ಕೆ ಹೋಗಿದ್ದಿರಬೇಕು. ಎಣ್ಣೆ ಬದಲಿಸಿದ ತಾರೀಖುಗಳು ಮಾತ್ರ ಸರಿಯಾಗಿದ್ದವು. ಆಮೇಲೆ ನಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ 160 ಡಾಲರ್ ಕೊಟ್ಟು ತೋರಿಸಿದೆವು. ಸುಮ್ನೆ ನೋಡಿ ಅನ್ನದೆ ನನ್ನ ಎಕ್ಸೆಲ್ ಹಾಳೆಯನ್ನೇ ಅವರ ಕೈಗೆ ಕೊಟ್ಟೆ. ಜನ ಎಲ್ಲಿ ತೊಂದರೆ ಕಂಡಿದ್ದಾರೋ ಅಲ್ಲಿ ಮೊದಲು ನೋಡಿ ಎಂದೆ. ಮಾರುವವರ ಹತ್ತಿರವೇ ರೀಕಾಲ್ ಕೆಲಸ ಮಾಡಿಸಿ, ಅದರ ಕಾಗದ ಕೈಗೆ ಬಂದ ಮೇಲೆ ದುಡ್ಡು ಕೊಟ್ಟೆವು.

ಹಾಸನದಲ್ಲಿರುವ ನನ್ನ ತಮ್ಮ ಇದೆಲ್ಲ ಕೇಳಿ, ತಾನು ನೋಡುತ್ತಿದ್ದ ಹಳೆ ಮಾರುತಿ ಬಲೆನೋ ಬಗ್ಗೆ ವಿಚಾರಿಸಿದ. ಭಾರತದಲ್ಲಿ 2012ರಿಂದ ಕಂಪನಿಗಳು ತಾವಾಗಿ ರೀಕಾಲ್ ಮಾಡುವ ಪದ್ಧತಿ ಇದೆ. 2021ರ ಏಪ್ರಿಲ್‌ನಿಂದ ಸರ್ಕಾರವೂ ಕಡ್ಡಾಯ ಮಾಡಬಹುದು. ಅಲ್ಲಿ ತಯಾರಾದ ತಿಂಗಳೇ ಮೊದಲ ಸುಳಿವು. 2020ರ ಜುಲೈನಲ್ಲಿ ಮಾರುತಿ 1,34,885 ಕಾರುಗಳನ್ನು ಇಂಧನ ಪಂಪ್‌ಗಾಗಿ ಕರೆಸಿಕೊಂಡಿತು. ಅದರಲ್ಲಿ 2019ರ ಜನವರಿ 8ರಿಂದ ನವೆಂಬರ್ 4ರ ನಡುವೆ ತಯಾರಾದ ಪೆಟ್ರೋಲ್ ಬಲೆನೋಗಳಿದ್ದವು. 2024ರ ಮಾರ್ಚ್‌ನಲ್ಲಿ, 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದ 11,851 ಬಲೆನೋಗಳನ್ನು ಮತ್ತೆ ಇಂಧನ ಪಂಪ್‌ಗೇ ಕರೆಸಲಾಯಿತು. ತಮ್ಮ ನೋಡಿದ್ದು 2019ರ ಸೆಪ್ಟೆಂಬರ್‌ನದು. ಷಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕು, ಆಮೇಲೆ ಸರ್ವಿಸ್ ಸೆಂಟರ್‌ಗೆ ಹೋಗಿ ಎರಡೂ ಸಲದ ಜಾಬ್ ಕಾರ್ಡ್ ಕೇಳು ಎಂದೆ. ಒಂದು ಸಿಕ್ಕಿತು, ಇನ್ನೊಂದಕ್ಕೆ ಹೋಗಿ ಬರುವಂತೆ ಮಾರುವವರಿಗೆ ಹೇಳಿದ್ದಾನೆ.

ಒಂದು ಕೆಲಸ ನಾನು ಬಹಳ ವರ್ಷ ಬಾಕಿ ಇಟ್ಟಿದ್ದೆ. ನನ್ನ ಮೊದಲ ಕಾರಿನ ದೂರನ್ನು ಬರೆದೇ ಇರಲಿಲ್ಲ. ಅಕ್ಕನ ಮಗನಿಗೆ ಪುಟ ತೋರಿಸುತ್ತಿದ್ದ ಸಂಜೆ ಅದು ನೆನಪಾಯಿತು. ಹಳೆ ಬಿಲ್ ಹುಡುಕಿ ತೆಗೆದು, ಅಲ್ಲೇ ಕೂತು ತುಂಬಿಸಿದೆ. ಗೇರ್‌ಬಾಕ್ಸ್. 81,000 ಮೈಲಿ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎರಡು ವಾರದಿಂದ ಜರ್ಕ್ ಇತ್ತು. ಗಂಟೆಗೆ 65 ಮೈಲಿ ವೇಗದಲ್ಲಿ ಹೋಗುತ್ತಿದ್ದಾಗ ಗಾಡಿ ಎಳೆಯುವುದನ್ನು ನಿಲ್ಲಿಸಿತು.