ಬಿಎನ್‌ಪಿಪಿ ಒಡೆಯುವ ವೇಗ: ತಾಮ್ರ-ಬೈಪಿರಿಡೀನ್ ಸಂಕೀರ್ಣದೊಂದಿಗೆ ಅಳೆಯುವ ಕ್ರಮ

ಡಿಎನ್‌ಎಯ ಬೆನ್ನೆಲುಬು ಫಾಸ್ಫೇಟ್ ಡೈಎಸ್ಟರ್. ಅದರ ಮೇಲೆ ಋಣಾವೇಶ ಇರುವುದರಿಂದ ಹೈಡ್ರಾಕ್ಸೈಡ್ ಹತ್ತಿರ ಸುಳಿಯುವುದೇ ಕಷ್ಟ. ಲ್ಯಾಬಿನಲ್ಲಿ ಡಿಎನ್‌ಎ ಬದಲು ಬಳಸುವ ಮಾದರಿ ವಸ್ತು ಬಿಸ್(ಪಿ-ನೈಟ್ರೋಫಿನೈಲ್) ಫಾಸ್ಫೇಟ್, ಅಂದರೆ ಬಿಎನ್‌ಪಿಪಿ. ಇದು ಡಿಎನ್‌ಎಗಿಂತ ಎಷ್ಟೋ ಪಾಲು ಬೇಗ ಒಡೆಯುತ್ತದೆ. ಹಾಗಿದ್ದೂ ಪಿಎಚ್ 7, 25 ಡಿಗ್ರಿಯಲ್ಲಿ ಬರೀ ನೀರಲ್ಲಿ ಇಟ್ಟರೆ ಅರ್ಧ ಒಡೆಯಲು ಸುಮಾರು 2000 ವರ್ಷ ಬೇಕು. ನಮ್ಮ ಮೈಯೊಳಗಿನ ಕಿಣ್ವಗಳು ಇಂಥ ಬಂಧಗಳನ್ನು ಕ್ಷಣದಲ್ಲಿ ಕತ್ತರಿಸುತ್ತವೆ. ಮಾನೋಎಸ್ಟರ್ (ಒಂದೇ ಎಸ್ಟರ್ ಬಂಧ ಇರುವ ಫಾಸ್ಫೇಟ್) ಒಡೆಯುವ ಆಲ್ಕಲೈನ್ ಫಾಸ್ಫಟೇಸಿನ ಕೆಲಸದ ಜಾಗದಲ್ಲಿ ಎರಡು ಸತು, ಒಂದು ಮೆಗ್ನೀಸಿಯಂ ಕೂತಿರುತ್ತವೆ. ಲೋಹ ಸಂಕೀರ್ಣಗಳ (ಲೋಹಕ್ಕೆ ಬೇರೆ ಅಣುಗಳು ಕಟ್ಟಿಕೊಂಡ ಸಂಯುಕ್ತಗಳ) ಸಂಶೋಧನೆಗೆ ಪ್ರೇರಣೆ ಇದೇ.

ಲೋಹ ಇಲ್ಲಿ ಮೂರು ಕೆಲಸ ಮಾಡುತ್ತದೆ. ಫಾಸ್ಫೇಟಿನ ಆಮ್ಲಜನಕವನ್ನು ಹಿಡಿದು ರಂಜಕವನ್ನು ದಾಳಿಗೆ ತೆರೆದಿಡುತ್ತದೆ. ತನಗೆ ಅಂಟಿದ ನೀರಿನಿಂದ ಪ್ರೋಟಾನ್ ಕಳಚಿ, ತಟಸ್ಥ ಪಿಎಚ್‌ನಲ್ಲೇ ಹೈಡ್ರಾಕ್ಸೈಡ್ ತಯಾರಿಟ್ಟುಕೊಳ್ಳುತ್ತದೆ. ಕೆಲವು ಸಂಕೀರ್ಣಗಳಲ್ಲಿ ಹೊರಟು ಹೋಗುವ ಗುಂಪಿಗೂ ಆಸರೆ ಕೊಡುತ್ತದೆ. ಇದಕ್ಕೆಲ್ಲ ಲೋಹದ ಸುತ್ತ ಅಕ್ಕಪಕ್ಕ ಎರಡು ಜಾಗ ಖಾಲಿ ಇರಬೇಕು. ತಾಮ್ರಕ್ಕೆ ಒಂದೇ ಬೈಪಿರಿಡೀನ್ (ಎರಡು ಸಾರಜನಕಗಳಿಂದ ಲೋಹವನ್ನು ಹಿಡಿಯುವ ಸಾವಯವ ಅಣು) ಕೊಟ್ಟರೆ ಆ ಜಾಗ ಸಿಗುತ್ತದೆ. ಎರಡು, ಮೂರು ಕೊಟ್ಟರೆ ಜಾಗ ಮುಚ್ಚಿಹೋಗಿ ವೇಗ ಬೀಳುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ ಇದು ಕೈಗೆಟುಕುವ ಕೆಲಸ. ಬೇಕಾಗುವ ಮುಖ್ಯ ಉಪಕರಣ ಸ್ಪೆಕ್ಟ್ರೋಫೋಟೋಮೀಟರ್, ಪಿಎಚ್ ಮೀಟರ್, ಮುಚ್ಚಳ ಇರುವ ವಾಟರ್ ಬಾತ್. ಬಿಎನ್‌ಪಿಪಿ ಒಡೆದಾಗ ಹೊರಬರುವ ಪಿ-ನೈಟ್ರೋಫೀನಾಲ್ ಕ್ಷಾರದಲ್ಲಿ ಹಳದಿಯಾಗುತ್ತದೆ, 400 ನ್ಯಾನೋಮೀಟರಿನಲ್ಲಿ ಅದನ್ನು ಅಳೆಯುತ್ತೇವೆ. ಆದರೆ ಹಳದಿ ಬಂದ ಮಾತ್ರಕ್ಕೆ ಸಂಕೀರ್ಣವೇ ಬಿಎನ್‌ಪಿಪಿಯನ್ನು ಒಡೆಯಿತು ಎಂದು ಬರೆಯುವಂತಿಲ್ಲ. ಅದನ್ನು ಸಾಬೀತು ಮಾಡುವುದರಲ್ಲೇ ಈ ಪ್ರಯೋಗದ ಅರ್ಧ ಶ್ರಮ ಇದೆ.

ನೀರು ಮತ್ತು ಗಾಜು

ಮೊದಲು ನೀರು ನೋಡಿ. ಈ ಭಾಗದ ಬೋರ್‌ವೆಲ್ ನೀರಿನಲ್ಲಿ ಗಡಸುತನ, ಬೈಕಾರ್ಬನೇಟ್ ಜಾಸ್ತಿ. ಕೊಪ್ಪಳ, ರಾಯಚೂರಿನ ಹಲವು ಹಳ್ಳಿಗಳಲ್ಲಿ ಫ್ಲೋರೈಡೂ ಜಾಸ್ತಿ. ಕಾರ್ಬನೇಟ್ ತಾಮ್ರವನ್ನು ಹಿಡಿಯುತ್ತದೆ, ಪಿಎಚ್ ಅನ್ನೂ ಎಳೆದಾಡುತ್ತದೆ. ಆರ್‌ಒ ನೀರು ಇದಕ್ಕೆ ಸಾಲದು. ಗಾಜಿನ ಉಪಕರಣದಲ್ಲಿ ಎರಡು ಸಲ ಭಟ್ಟಿ ಇಳಿಸಿದ ನೀರು ಬೇಕು. ಲೋಹದ ಡಿಸ್ಟಿಲೇಶನ್ ಯೂನಿಟ್ ನೀರಿಗೆ ತಾನೇ ಲೋಹ ಸೇರಿಸುತ್ತದೆ. ಬಳಸುವ ದಿನ ಹತ್ತು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಕರಗಿದ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ.

ಗಾಜಿನ ಸಾಮಾನನ್ನು ಪುಡಿಯಿಂದ ತೊಳೆದು ಅಷ್ಟಕ್ಕೇ ಬಿಡಬೇಡಿ. ಕೆಲವು ಡಿಟರ್ಜೆಂಟುಗಳಲ್ಲಿ ಫಾಸ್ಫೇಟ್ ಇರುತ್ತದೆ. 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಹಾಕಿ, ಭಟ್ಟಿ ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ. ಸಂಡೂರು, ತೋರಣಗಲ್ಲು ಕಡೆ ಕಿಟಕಿ ತೆರೆದಿಟ್ಟರೆ ಅದಿರಿನ ಕೆಂಪು ಧೂಳು ಮೇಜಿನ ಮೇಲೆ ಕೂರುತ್ತದೆ. ಕಬ್ಬಿಣದ ಆಕ್ಸೈಡ್ ಫಾಸ್ಫೇಟ್ ಗುಂಪುಗಳನ್ನು ತನ್ನ ಮೈಮೇಲೆ ಎಳೆದುಕೊಳ್ಳುವುದರಲ್ಲಿ ಗಟ್ಟಿ. ಹಾಗಾಗಿ ಒಣಗಿಸುವಾಗಲೂ ಫ್ಲಾಸ್ಕಿನ ಬಾಯಿ ಮುಚ್ಚಿರಲಿ.

ದ್ರಾವಣಗಳು

ಸಂಕೀರ್ಣ, 10 ಮಿಲಿಮೋಲಾರ್: ಕಾಪರ್ ನೈಟ್ರೇಟ್ ಟ್ರೈಹೈಡ್ರೇಟ್ 0.0604 ಗ್ರಾಂ, 2,2'-ಬೈಪಿರಿಡೀನ್ 0.0390 ಗ್ರಾಂ, ಒಟ್ಟು 25 ಮಿ.ಲೀ. ಬೈಪಿರಿಡೀನ್ ನೀರಿನಲ್ಲಿ ನಿಧಾನ ಕರಗುತ್ತದೆ. ಮೊದಲು 1 ಮಿ.ಲೀ. ಎಥನಾಲಿನಲ್ಲಿ ಕರಗಿಸಿ, ಆಮೇಲೆ ತಾಮ್ರದ ದ್ರಾವಣ ಸೇರಿಸಿ ಗುರುತಿನವರೆಗೆ ನೀರು ತುಂಬಿ. ಕಾಪರ್ ನೈಟ್ರೇಟ್ ಗಾಳಿಯ ತೇವ ಹೀರುತ್ತದೆ, ಬಾಟಲಿ ಹಳೆಯದಾದರೆ ತೂಕ ನಂಬಬೇಡಿ, ಇಡಿಟಿಎ (ಲೋಹವನ್ನು ಬಿಗಿಯಾಗಿ ಹಿಡಿಯುವ ವಸ್ತು) ಟೈಟ್ರೇಶನ್ ಮಾಡಿ ಸಾಂದ್ರತೆ ಖಚಿತ ಮಾಡಿಕೊಳ್ಳಿ. ಪರ್ಕ್ಲೋರೇಟ್ ಲವಣ ಬಳಸಬೇಡಿ. ಸಾವಯವ ಲಿಗ್ಯಾಂಡ್ (ಲೋಹಕ್ಕೆ ಕಟ್ಟಿಕೊಳ್ಳುವ ಅಣು, ಇಲ್ಲಿ ಬೈಪಿರಿಡೀನ್) ಇರುವ ಲೋಹದ ಪರ್ಕ್ಲೋರೇಟ್ ಒಣಗಿದಾಗ ಸ್ಫೋಟಿಸಬಹುದು.

ಬಿಎನ್‌ಪಿಪಿ ಸೋಡಿಯಂ ಲವಣ, 10 ಮಿಲಿಮೋಲಾರ್: 0.0905 ಗ್ರಾಂ, 25 ಮಿ.ಲೀ. ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ.

ಸೋಡಿಯಂ ನೈಟ್ರೇಟ್, 1 ಮೋಲಾರ್: 4.25 ಗ್ರಾಂ, 50 ಮಿ.ಲೀ.

ತಡೆ ದ್ರಾವಣ: ಸೋಡಿಯಂ ಹೈಡ್ರಾಕ್ಸೈಡ್ 1.0 ಗ್ರಾಂ, ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ 0.465 ಗ್ರಾಂ, ಒಟ್ಟು 250 ಮಿ.ಲೀ. ಇಡಿಟಿಎ ತಾಮ್ರವನ್ನು ಕಿತ್ತುಕೊಂಡು ಕ್ರಿಯೆ ನಿಲ್ಲಿಸುತ್ತದೆ, ಕ್ಷಾರ ಪಿ-ನೈಟ್ರೋಫೀನಾಲನ್ನು ಪೂರ್ತಿ ಹಳದಿ ಅಯಾನು ಮಾಡುತ್ತದೆ. ಇಡಿಟಿಎ ಇಲ್ಲದೆ ಬರೀ ಕ್ಷಾರ ಹಾಕಿದರೆ ತಾಮ್ರದ ಹೈಡ್ರಾಕ್ಸೈಡ್ ಮೋಡ ಕಟ್ಟಿ ರೀಡಿಂಗ್ ಹಾಳಾಗುತ್ತದೆ.

ಬಫರಿಗೆ ಹೆಪೀಸ್, 0.1 ಮೋಲಾರ್: 2.383 ಗ್ರಾಂ, 100 ಮಿ.ಲೀ. ಫಾಸ್ಫೇಟ್ ಬಫರ್ ಇಲ್ಲಿ ಬೇಡವೇ ಬೇಡ. ಗಂಗಾವತಿ, ಸಿಂಧನೂರಿನ ಭತ್ತದ ರೈತರು ಜಿಂಕ್ ಸಲ್ಫೇಟನ್ನು ಡಿಎಪಿ ಜತೆ ಬೆರೆಸಿ ಹಾಕುವುದಿಲ್ಲವಲ್ಲ, ಕಾರಣ ಎರಡೂ ಕಡೆ ಒಂದೇ: ಫಾಸ್ಫೇಟ್ ಲೋಹವನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಟ್ರಿಸ್ ಬಫರೂ ಬೇಡ, ಅದರ ಅಮೈನ್ ತಾಮ್ರಕ್ಕೆ ಕಟ್ಟಿಕೊಳ್ಳುತ್ತದೆ.

ಹೆಪೀಸಿನ ಪಿಎಚ್ ಬಿಸಿಗೆ ಇಳಿಯುತ್ತದೆ, ಡಿಗ್ರಿಗೆ ಸುಮಾರು 0.014. ಕ್ರಿಯೆ 50 ಡಿಗ್ರಿಯಲ್ಲಿ ಪಿಎಚ್ 7.0ಕ್ಕೆ ನಡೆಯಬೇಕಾದರೆ 25 ಡಿಗ್ರಿಯಲ್ಲಿ 7.35ಕ್ಕೆ ಹೊಂದಿಸಬೇಕು. ಏಪ್ರಿಲ್‌ನಲ್ಲಿ ಕೋಣೆಯೇ 35 ಡಿಗ್ರಿ ಇದ್ದರೆ 7.21ಕ್ಕೆ. ಬೇಸಿಗೆಯಲ್ಲಿ 25 ಡಿಗ್ರಿ ಕಾಪಾಡಲು ಚಿಲ್ಲರ್ ಬೇಕು, 50 ಡಿಗ್ರಿ ಕಾಪಾಡಲು ಹೀಟರ್ ಸಾಕು. ಮೇಲಾಗಿ 25ರಲ್ಲಿ ಈ ಸಂಕೀರ್ಣ ಬಹಳ ನಿಧಾನ. ಅದಕ್ಕೇ ಇಲ್ಲಿ 50 ಇಟ್ಟುಕೊಂಡಿದ್ದು. ಇನ್ನೊಂದು ವಿಷಯ: ಮೀಟರ್ ಹೊಂದಿಸುವ ಪಿಎಚ್ 7ರ ಮಾತ್ರೆ ಸಾಮಾನ್ಯವಾಗಿ ಫಾಸ್ಫೇಟಿನದೇ. ಎಲೆಕ್ಟ್ರೋಡನ್ನು ಚೆನ್ನಾಗಿ ತೊಳೆಯದೆ ಬಫರಿಗೆ ಇಳಿಸಿದರೆ ಆ ಫಾಸ್ಫೇಟ್ ನಿಮ್ಮ ಬಫರಿಗೆ ಬರುತ್ತದೆ.

ಮೊದಲು ಕ್ಯಾಲಿಬ್ರೇಶನ್

ಪಿ-ನೈಟ್ರೋಫೀನಾಲ್ 0.0139 ಗ್ರಾಂ ತೂಗಿ 100 ಮಿ.ಲೀ. ಮಾಡಿದರೆ 1 ಮಿಲಿಮೋಲಾರ್. ತಡೆ ದ್ರಾವಣದಲ್ಲಿ 5, 10, 20, 40 ಮೈಕ್ರೋಮೋಲಾರಿಗೆ ತೆಳು ಮಾಡಿ ಓದಿ. 1 ಸೆಂ.ಮೀ. ಕ್ಯುವೆಟ್ಟಿನಲ್ಲಿ ಮೈಕ್ರೋಮೋಲಾರಿಗೆ 0.0183ರ ಆಸುಪಾಸು ಇಳಿಜಾರು ಬರಬೇಕು. ತೀರಾ ಕಡಿಮೆ ಬಂದರೆ ಫೀನಾಲಿನ ಶುದ್ಧತೆ, ಇಲ್ಲವೇ ಉಪಕರಣದ ತರಂಗಾಂತರ ತಪ್ಪಿರುತ್ತದೆ. ಫಿಲ್ಟರ್ ಕಲರಿಮೀಟರ್ ಮಾತ್ರ ಇದ್ದರೆ 420ರ ಫಿಲ್ಟರಿನಲ್ಲೂ ನಡೆಯುತ್ತದೆ, ಆದರೆ ಆಗ ನಿಮ್ಮ ಇಳಿಜಾರೇ ಗತಿ, ಪುಸ್ತಕದ ಅಂಕಿ ಬಳಸುವಂತಿಲ್ಲ.

ಓಟ

ಮುಚ್ಚಳ ಬಿಗಿಯಾಗಿ ಕೂರುವ ಟ್ಯೂಬಿನಲ್ಲಿ ಬಫರ್ 5.0, ನೈಟ್ರೇಟ್ 1.0, ನೀರು 2.0, ಸಂಕೀರ್ಣ 1.0 ಮಿ.ಲೀ. ಹಾಕಿ 50 ಡಿಗ್ರಿ ಬಾತಿನಲ್ಲಿ 15 ನಿಮಿಷ ಬಿಡಿ. ಬಿಎನ್‌ಪಿಪಿಯನ್ನೂ ಬೇರೆ ಟ್ಯೂಬಿನಲ್ಲಿ ಬಿಸಿಗಿಟ್ಟು, ಆಮೇಲೆ 1.0 ಮಿ.ಲೀ. ಸೇರಿಸಿ ಗಡಿಯಾರ ಶುರು ಮಾಡಿ. ಈಗ ಸಂಕೀರ್ಣ 1, ಬಿಎನ್‌ಪಿಪಿ 1, ಬಫರ್ 50 ಮಿಲಿಮೋಲಾರ್. ಸೊನ್ನೆ ನಿಮಿಷದಿಂದ ಅರ್ಧ ಗಂಟೆಗೊಮ್ಮೆ, ನಾಲ್ಕು ಗಂಟೆವರೆಗೆ, 0.50 ಮಿ.ಲೀ. ತೆಗೆದು 2.50 ಮಿ.ಲೀ. ತಡೆ ದ್ರಾವಣಕ್ಕೆ ಹಾಕಿ, ಹತ್ತು ನಿಮಿಷದೊಳಗೆ ಓದಿ. ಮುಚ್ಚಳ ಸಡಿಲ ಇದ್ದರೆ ನೀರು ಆವಿಯಾಗಿ ಸಾಂದ್ರತೆ ಏರುತ್ತದೆ, ಇಲ್ಲದ ವೇಗ ಕಾಣುತ್ತದೆ.

ನೇರ ಟ್ಯೂಬಿನಲ್ಲೇ ಏಕೆ ಓದಬಾರದು? ಪಿ-ನೈಟ್ರೋಫೀನಾಲಿನ ಪಿಕೆಎ (ಅರ್ಧ ಭಾಗ ಪ್ರೋಟಾನ್ ಕಳಚಿ ಹಳದಿಯಾಗುವ ಪಿಎಚ್) 7.15. ಪಿಎಚ್ 7.0ರಲ್ಲಿ 41% ಮಾತ್ರ ಹಳದಿ ರೂಪದಲ್ಲಿರುತ್ತದೆ, 7.1ರಲ್ಲಿ 47%. ಅಂದರೆ ಪಿಎಚ್ 0.1 ತಪ್ಪಿದರೆ ರೀಡಿಂಗ್ 14% ತಪ್ಪುತ್ತದೆ.

ಕರೆಂಟ್ ಹೋದರೆ ಥರ್ಮಾಮೀಟರ್ ನೋಡುತ್ತಿರಿ. ಇಂಥ ಕ್ರಿಯೆಗಳಲ್ಲಿ ಒಂದು ಡಿಗ್ರಿಗೆ ವೇಗ ಸುಮಾರು 10% ಬದಲಾಗುತ್ತದೆ. ಅರ್ಧ ಡಿಗ್ರಿಗಿಂತ ಹೆಚ್ಚು ಇಳಿದರೆ ಆ ಓಟ ಬಿಟ್ಟು ಹೊಸದಾಗಿ ಶುರು ಮಾಡಿ.

ಲೆಕ್ಕ

ಉದಾಹರಣೆಗೆ, ನಾಲ್ಕು ಗಂಟೆಯಲ್ಲಿ ಅಬ್ಸಾರ್ಬೆನ್ಸ್ 0.040ಯಿಂದ 0.160ಕ್ಕೆ ಏರಿತು ಎನ್ನಿ. 0.120ನ್ನು 0.0183ರಿಂದ ಭಾಗಿಸಿದರೆ 6.56 ಮೈಕ್ರೋಮೋಲಾರ್, ಆರು ಪಟ್ಟು ತೆಳು ಮಾಡಿದ್ದರಿಂದ ಮೂಲ ಟ್ಯೂಬಿನಲ್ಲಿ 39.3. ಅದನ್ನು 14,400 ಸೆಕೆಂಡಿಗೆ, ಮತ್ತೆ ಬಿಎನ್‌ಪಿಪಿಯ 1000 ಮೈಕ್ರೋಮೋಲಾರಿಗೆ ಭಾಗಿಸಿ: ಸೆಕೆಂಡಿಗೆ 2.7 × 10⁻⁶. ಬಿಎನ್‌ಪಿಪಿ 5% ಒಡೆಯುವವರೆಗಿನ ನೇರ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂದೆ ಹೋದಂತೆ ಹುಟ್ಟಿದ ಮಾನೋಎಸ್ಟರ್ ತಾಮ್ರಕ್ಕೆ ಕಟ್ಟಿಕೊಂಡು ಗೆರೆ ಬಾಗುತ್ತದೆ. ಸೊನ್ನೆ ನಿಮಿಷಕ್ಕೇ ರೀಡಿಂಗ್ ಹೆಚ್ಚಿದ್ದರೆ ಬಿಎನ್‌ಪಿಪಿ ಬಾಟಲಿಯಲ್ಲೇ ಮೊದಲಿನಿಂದ ಫೀನಾಲ್ ಇದೆ ಎಂದರ್ಥ.

ಸಾಬೀತು ಮಾಡುವ ಟ್ಯೂಬುಗಳು

ಪ್ರತಿ ಓಟದ ಜತೆ ನಾಲ್ಕು ಟ್ಯೂಬು ಇಡಬೇಕು: ಲೋಹವೂ ಲಿಗ್ಯಾಂಡೂ ಇಲ್ಲದ್ದು, ಬೈಪಿರಿಡೀನ್ ಮಾತ್ರ ಇರುವುದು, ತಾಮ್ರ ಮಾತ್ರ ಇರುವುದು, ಮತ್ತು ಎಲ್ಲ ಇದ್ದು ಮೊದಲೇ 5 ಮಿಲಿಮೋಲಾರ್ ಇಡಿಟಿಎ ಹಾಕಿದ್ದು. ತಾಮ್ರದ ಟ್ಯೂಬು ಪಿಎಚ್ 7ರಲ್ಲಿ ಮೋಡ ಕಟ್ಟುವುದು ಸಹಜ. ಸಂಕೀರ್ಣದ ಟ್ಯೂಬಿನಲ್ಲೂ ಮೋಡ ಬಂದರೆ ಬೈಪಿರಿಡೀನ್ ಪೂರ್ತಿ ಕರಗಿಲ್ಲ, ತಾಮ್ರ ಬಿಡುವಾಗಿ ಉಳಿದಿದೆ. ಹೆಚ್ಚಿನವರು ಬಿಟ್ಟುಬಿಡುವುದು ಇಡಿಟಿಎ ಟ್ಯೂಬನ್ನು, ಅದೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಹಿನ್ನೆಲೆ ವೇಗ (ಲೋಹವೂ ಲಿಗ್ಯಾಂಡೂ ಇಲ್ಲದ ಟ್ಯೂಬಿನ ವೇಗ) ಮಾತ್ರ ಉಳಿದರೆ ಕೆಲಸ ಮಾಡಿದ್ದು ಲೋಹ. ಅಲ್ಲೂ ಹಳದಿ ಏರುತ್ತಿದ್ದರೆ ಕಾರಣ ಬೇರೆ ಇದೆ; ಬಿಎನ್‌ಪಿಪಿ ದ್ರಾವಣದಲ್ಲಿ ಸೂಕ್ಷ್ಮಜೀವಿ ಬೆಳೆದು ಅದರ ಫಾಸ್ಫಟೇಸ್ ಒಡೆಯುತ್ತಿರುವ ಸಾಧ್ಯತೆಯನ್ನು ಮೊದಲು ನೋಡಿ, ಹೊಸ ದ್ರಾವಣ ಮಾಡಿ.

ಆಮೇಲೆ ಸಂಕೀರ್ಣವನ್ನು 0.25, 0.5, 1, 2 ಮಿಲಿಮೋಲಾರ್ ಮಾಡಿ ವೇಗ ಅಳೆದು ಲಾಗ್-ಲಾಗ್ ಗ್ರಾಫ್ ಹಾಕಿ. ಹಿನ್ನೆಲೆ ವೇಗ ಕಳೆಯುವುದನ್ನು ಮರೆಯಬೇಡಿ. ಇಳಿಜಾರು 1 ಬಂದರೆ ಒಂಟಿ ಅಣುವೇ ಕ್ರಿಯಾಶೀಲ. 0.5ರ ಕಡೆ ಬಂದರೆ ಗಾಬರಿ ಬೇಡ, ಪ್ರಯೋಗ ಕೆಟ್ಟಿಲ್ಲ: ತಾಮ್ರದ ಎರಡು ಅಣು ಹೈಡ್ರಾಕ್ಸೈಡ್ ಸೇತುವೆಯಿಂದ ಜೋಡಿಯಾಗಿ ಸುಮ್ಮನೆ ಕೂತಿವೆ, ಉಳಿದ ಒಂಟಿ ಅಣುಗಳ ಪ್ರಮಾಣ ಒಟ್ಟು ತಾಮ್ರದ ವರ್ಗಮೂಲದಂತೆ ಮಾತ್ರ ಏರುತ್ತಿದೆ. ಪಿಎಚ್ ಏರಿಸಿದಷ್ಟೂ ಈ ಜೋಡಿ ಬಲಿಯುತ್ತದೆ. ಬಫರ್ ಬದಲಿಸಿ 6.0ಯಿಂದ 8.0ವರೆಗೆ ಅಳೆಯುವಾಗ ವೇಗ ಏರಿ ಮತ್ತೆ ಇಳಿದರೆ ಒಂದು ಕಾರಣ ಇದೇ. 6.0, 6.5ಕ್ಕೆ ಹೆಪೀಸ್ ಸಾಲದು, ಎಂಇಎಸ್ ಎಂಬ ಬಫರ್ ಬಳಸಿ.

ಪಿ-ನೈಟ್ರೋಫೀನಾಲ್, ಬೈಪಿರಿಡೀನ್ ಎರಡೂ ವಿಷ. ಕೈಗವಸು ಹಾಕಿ, ಬಾಯಲ್ಲಿ ಪಿಪೆಟ್ ಎಳೆಯಬೇಡಿ. ಉಳಿದ ದ್ರಾವಣ ಸಿಂಕಿಗೆ ಹೋಗಬಾರದು. ಇಡಿಟಿಎ ಇರುವುದರಿಂದ ಕ್ಷಾರ ಹಾಕಿದರೂ ಅದರ ತಾಮ್ರ ಕೆಳಗೆ ಕೂರುವುದಿಲ್ಲ, ಹಾಗಾಗಿ ಮಾಮೂಲಿ ತಾಮ್ರದ ತ್ಯಾಜ್ಯದ ಜತೆ ಸೇರಿಸದೆ ಪ್ರತ್ಯೇಕ ಕ್ಯಾನಿಗೆ ಹಾಕಿ, ಮೇಲೆ ಹೆಸರು, ತಾರೀಖು ಬರೆದಿಡಿ.