ಕ್ರಿ.ಶ. 500ಕ್ಕೇ ಬಂದೂಕು ಬಂದ ಕಥೆ

ಶಿರಸಿ ಮಳೆಯಲ್ಲಿ ಹೊರಗೆ ಹೋಗೋ ಹಾಗಿಲ್ಲ, ಹಾಗಾಗಿ ನಾನು, ಭಾವ ಇಬ್ಬರೂ ನಾಗರಿಕತೆ ಕಟ್ಟುವ ಕಂಪ್ಯೂಟರ್ ಆಟ ಫ್ರೀಸಿವ್ ಹಾಕಿ ಕೂತಿದ್ದೆವು. ಆಟದಲ್ಲಿ ಕ್ರಿ.ಶ. 500ಕ್ಕೇ ಭಾವನ ಹತ್ತಿರ ಬಂದೂಕು! ಪೋರ್ಚುಗೀಸರ ಹಡಗು ಪಶ್ಚಿಮ ಕರಾವಳಿಗೆ ಬಂದದ್ದೇ 1498ರಲ್ಲಿ ಅಲ್ವಾ.

ಮೊದಲು ಸೈನ್ಸ್‌ಬಾಕ್ಸನ್ನು, ಅಂದ್ರೆ ಹೊಸ ವಿದ್ಯೆ ಕಲಿಯೋಕೆ ಎಷ್ಟು ಶೇಕಡಾ ಖರ್ಚು ಅನ್ನೋ ಸೆಟ್ಟಿಂಗನ್ನು, 100ರಿಂದ 300ಕ್ಕೆ ಏರಿಸಿದೆ. ತಪ್ಪಾಯ್ತು. ಕಂಚು ಸಿಗುವಷ್ಟರಲ್ಲಿ ಎರಡು ಲೋಟ ಕಷಾಯ ಖಾಲಿ, ಭಾವ ಆಕಳಿಸುತ್ತಾ ‘ಇದೆಂತ ಆಟ ಮಾರಾಯ’ ಅಂದ.

ಎಡವಟ್ಟು ಇದ್ದದ್ದು ಟೆಕ್ ಲೀಕೇಜ್‌ನಲ್ಲಿ. ನಮ್ಮ ರಾಯಭಾರ ಕಚೇರಿ ಇರುವ ದೇಶಗಳಿಗೆ ಒಂದು ವಿದ್ಯೆ ಮೊದಲೇ ಗೊತ್ತಿದ್ದರೆ ನಮಗೆ ಅದು ಅಗ್ಗಕ್ಕೆ ಸಿಗುತ್ತದೆ, ಭಾವ ಸುಮ್ನೆ ಎಲ್ಲರ ಜೊತೆ ದೋಸ್ತಿ ಮಾಡಿ ಕೂತಿದ್ದ. ಆಟದ ನಿಯಮಗಳಿರುವ ರೂಲ್‌ಸೆಟ್ ಫೈಲಿನಲ್ಲಿ ಆ ಲೀಕೇಜನ್ನು ಆಫ್ ಮಾಡಿದೆ. ಹೊಸ ಆಟ ಶುರುವಾಗುವ ಮೊದಲೇ ಸೈನ್ಸ್‌ಬಾಕ್ಸ್ 130ಕ್ಕೆ ಇಟ್ಟೆ. ಈಗ ಬಂದೂಕು 1300ರ ಸುಮಾರಿಗೆ ಬರುತ್ತದೆ, ಅಷ್ಟರೊಳಗೆ ನನ್ನ ಕುದುರೆಗಳಿಗೂ ಸ್ವಲ್ಪ ಕೆಲಸ ಸಿಗುತ್ತದೆ.