ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರಿಗೆ ಕಡಲೊಳಗಿನ ಬಾಯಿ ಎಷ್ಟಿರಬೇಕು?

ಚೆನ್ನೈ ಬಳಿಯ ಮಿಂಜೂರಿನಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರದಷ್ಟು, ಅಂದರೆ ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರು ಬೇಕೆನ್ನಿ. ಉಪ್ಪು ತಡೆದು ನೀರು ಬಿಡುವ ಆರ್‌ಒ ಪೊರೆಗಳಿಂದ ಸಿಗುವ ಸಿಹಿನೀರು ಒಳಹೋದ ಕಡಲ ನೀರಿನ ಸುಮಾರು 42%. ಫಿಲ್ಟರ್ ತೊಳೆಯಲು 5% ಸೇರಿಸಿದರೆ 25 ಕೋಟಿ ಲೀಟರ್ ಎಳೆಯಬೇಕು: ಸೆಕೆಂಡಿಗೆ 2.9 ಘನ ಮೀಟರ್.

ನೀರೆಳೆಯುವ ಪೈಪಿನ ಕಡಲೊಳಗಿನ ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ 0.15 ಮೀಟರ್ ದಾಟಬಾರದು. ದಾಟಿದರೆ ಮೀನುಮರಿಗಳು ಈಜಿ ತಪ್ಪಿಸಿಕೊಳ್ಳಲಾರವು. ಲೆಕ್ಕಕ್ಕೆ 19.3 ಚದರ ಮೀಟರ್ ಸಾಕು, ಆದರೆ ಸರಳು, ಚಿಪ್ಪುಜೀವಿಗಳು ಜಾಗ ತಿನ್ನುತ್ತವೆ, 30 ಇಡಿ. ಮೇಲೆ ಮುಚ್ಚಳ ಬೇಕೇ ಬೇಕು: ಅಡ್ಡ ಸೆಳೆತ ಮೀನಿಗೆ ತಿಳಿಯುತ್ತದೆ, ಕೆಳಮುಖ ಸೆಳೆತ ತಿಳಿಯದು. ತಳದಿಂದ 3 ಮೀಟರ್ ಎತ್ತರದಲ್ಲಿಡಿ, ಇಲ್ಲವಾದರೆ ಬಿರುಗಾಳಿ ಎಬ್ಬಿಸಿದ ಮರಳು ಒಳಬರುತ್ತದೆ.

ಪೈಪಿನ ಒಳವ್ಯಾಸ 1.6 ಮೀಟರ್. ಕ್ಲೋರಿನ್ ಕೊಳವೆ ಬಾಯಿಯವರೆಗೂ ಹೋಗಲಿ. ಪಂಪ್‌ಹೌಸಿನಲ್ಲಿ ಮಾತ್ರ ಹಾಕಿದರೆ ಪೈಪಿನುದ್ದಕ್ಕೂ ಬಾರ್ನಕಲ್ ಎಂಬ ಅಂಟಿಕೊಳ್ಳುವ ಚಿಪ್ಪುಜೀವಿ ಕಟ್ಟುತ್ತದೆ. ಉಳಿದ ಕ್ಲೋರಿನ್ ಪೊರೆ ಸುಡುತ್ತದೆ, ಪೊರೆಗೆ ಮೊದಲೇ ಕ್ಲೋರಿನ್ ಕಳೆಯುವ ಸೋಡಿಯಂ ಬೈಸಲ್ಫೈಟ್ ಬೆರೆಸಿ.